ಹದಿಮೂರನೆಯ ರೀ

ಗಂಗಾವತಿಯ ಕಾಲೇಜಿನವರು ವಾರ್ಷಿಕ ಗ್ಯಾದರಿಂಗಿಗೆ ಕರೆದಾಗ ಗ್ಯಾನಪ್ಪ ಒಪ್ಪಿಕೊಳ್ಳುವ ಮೊದಲು ಒಂದೇ ಒಂದು ಕರಾರು ಹಾಕಿದ.

"ಎಲ್ಲಾ ಮಾಡ್ತೀನ್ರಿ ಸರ್. ಬಸ್ ಮಾಡ್ತೀನಿ, ಹೆಡ್ಮಾಸ್ತರನ್ನ ಮಾಡ್ತೀನಿ, ಹಾಡ್ರಿ ಅಂದ್ರ ಹಾಡ್ತೀನಿ. 'ರೀ' ಮಾತ್ರ ಮಾಡಂಗಿಲ್ಲ."

ಫೋನಿನ ಆ ಕಡೆ ಇದ್ದವರು ಸುಭಾಷ್, ಕಾಲೇಜಿನ ಸಾಂಸ್ಕೃತಿಕ ಸಮಿತಿ ನೋಡಿಕೊಳ್ಳುವ ಉಪನ್ಯಾಸಕರು.

"ಅಲ್ರಿ ಗ್ಯಾನಪ್ಪನವರ, ಹುಡುಗ್ರು ಅದನ್ನ ಕೇಳಾಕ ಕಾಯಾಕತ್ತಾರ್ರಿ."

"ಹಂಗಾರ ಬ್ಯಾರೆಯವರನ್ನ ಕರೀರಿ."

"ಬ್ಯಾಡ್ ಬ್ಯಾಡ್, ನೀವ ಬರ್ರಿ. ನೋಡೋಣಂತ."

ಮೂವತ್ತು ವರ್ಷ ವೇದಿಕೆ ಹತ್ತಿ ಇಳಿದವನಿಗೆ ಈ 'ನೋಡೋಣಂತ'ದ ಅರ್ಥ ಗೊತ್ತಿತ್ತು. ಆದರೂ ಹೂಂ ಅಂದ. ಮನೆಯಲ್ಲಿ ಒಬ್ಬನೇ ಕೂತು ಏಳು ತಿಂಗಳಾಗಿತ್ತು.

ಅವನು ಹುಟ್ಟಿದ್ದು ಯಲಬುರ್ಗಾ ಕಡೆಯ ಬೇವೂರಿನಲ್ಲಿ. ತಂದೆ ಮುದುಕಪ್ಪ ಕಂಡವರ ಹೊಲದಲ್ಲಿ ದುಡಿಯುತ್ತಿದ್ದ. ಗ್ಯಾನಪ್ಪನ ಕಿವಿಗೆ ಬಿದ್ದದ್ದು ನೇರ ಗಂಟಲಿಗೆ ಇಳಿಯುತ್ತಿತ್ತು, ನಡುವೆ ಬಾಗಿಲೇ ಇರಲಿಲ್ಲ. ಎಂಟು ವರ್ಷದವನಿದ್ದಾಗ ಹೆಡ್ಮಾಸ್ತರರ ಕೆಮ್ಮು ಕೆಮ್ಮಿ ಮೂರು ತರಗತಿಗಳನ್ನು ಎಬ್ಬಿಸಿ ನಿಲ್ಲಿಸಿದ. ಏಟು ತಿಂದ. ಹೊಡೆದ ಮಾಸ್ತರರೇ ಆ ವರ್ಷ ಆಗಸ್ಟ್ ಹದಿನೈದಕ್ಕೆ ಅವನನ್ನು ಎತ್ತಿ ಮೇಜಿನ ಮೇಲೆ ನಿಲ್ಲಿಸಿ, "ಮಾಡಲೇ ಮಗನ, ನನ್ನ ಕೆಮ್ಮ ಮಾಡು" ಎಂದರು.

ಹತ್ತನೆಯ ತರಗತಿ ಫೇಲಾದ ವರ್ಷ ಕುಷ್ಟಗಿಯಲ್ಲಿ ಒಂದು ನಾಟಕ ಕಂಪನಿ ಕ್ಯಾಂಪು ಹಾಕಿತ್ತು. ಅದರ ಹಾಸ್ಯಗಾರನ ಗಂಟಲು ಕೂತು ಆಟ ನಿಲ್ಲುವ ಹಾಗಾಗಿತ್ತು. ಟಿಕೆಟಿಲ್ಲದೆ ಥೇಟರಿನ ತಗಡಿನ ಗೋಡೆಯ ಹೊರಗೆ ನಿಂತು ಅದೇ ಹಾಸ್ಯಗಾರನ ಮಾತುಗಳನ್ನು ಅದೇ ಗಂಟಲಿನಲ್ಲಿ ಒಪ್ಪಿಸುತ್ತಿದ್ದ ಗ್ಯಾನಪ್ಪನನ್ನು ಮಾಲೀಕ ತೋಳು ಹಿಡಿದು ಒಳಗೆ ಎಳೆದುಕೊಂಡ. ಮೂರು ದಿನ ಹಾಸ್ಯಗಾರ ಪರದೆಯ ಮುಂದೆ ಬಾಯಿ ಆಡಿಸಿದ, ಗ್ಯಾನಪ್ಪ ಪರದೆಯ ಹಿಂದಿನಿಂದ ಮಾತಾಡಿದ. ಒಬ್ಬರಿಗೂ ಗೊತ್ತಾಗಲಿಲ್ಲ. ನಾಲ್ಕನೆಯ ದಿನ ಅವನೇ ಮುಂದೆ ಬಂದ. ಆಮೇಲೆ ಹನ್ನೊಂದು ವರ್ಷ ಅವನು ಹಿಂದೆ ಹೋಗಲಿಲ್ಲ.

ಕಿವುಡ ಮಾವ ಆದ, ತೊದಲುವ ಶಾನುಭೋಗ ಆದ. ನಟಿ ಕೈಕೊಟ್ಟ ದಿನ ಸೀರೆ ಉಟ್ಟು ಬೀಗತಿ ಆದ. ಹಾರ್ಮೋನಿಯಂನವನು ಊರಿಗೆ ಹೋದರೆ ಹಾರ್ಮೋನಿಯಂ ಮುಂದೆ ಕೂತ. ಕಂಪನಿ ಮುಳುಗಿದ ಮೇಲೆ ಆರ್ಕೆಸ್ಟ್ರಾದಲ್ಲಿ ಹಾಡು ಹಾಡಿನ ನಡುವೆ ಜನರನ್ನು ನಗಿಸಿದ. ಶೌಚಾಲಯ ಕಟ್ಟಿಸಿಕೊಳ್ಳಿರೆಂದು ಬೀದಿನಾಟಕ ಮಾಡಿದ. ಒಂದು ಚುನಾವಣೆಯಲ್ಲಿ ಮುಂಜಾನೆ ಒಂದು ಪಕ್ಷದ ಆಟೋದಲ್ಲಿ, ಮಧ್ಯಾಹ್ನ ಇನ್ನೊಂದು ಪಕ್ಷದ ಆಟೋದಲ್ಲಿ ಕೂತು ಮೈಕಿನಲ್ಲಿ ಒದರಿದ. ಗಂಟಲು ಬೇರೆ ಬೇರೆ, ಅಭ್ಯರ್ಥಿಗಳಿಗೇ ತಿಳಿಯಲಿಲ್ಲ. ಒಮ್ಮೆ ಟೀವಿಗೂ ಹೋದ. ನಿಮ್ಮ ಭಾಷೆ ಜನಕ್ಕೆ ಅರ್ಥ ಆಗಲ್ಲ ಅಂತ ಎರಡನೆಯ ವಾರವೇ ಕಳಿಸಿಬಿಟ್ಟರು. ಕೊಪ್ಪಳಕ್ಕೆ ಬಂದವನೇ, ಹಾಗಂದವರ ಧ್ವನಿಯನ್ನೂ ಮಾಡಿ ತೋರಿಸಿದ. ಅದಕ್ಕೂ ಜನ ಬಿದ್ದು ಬಿದ್ದು ನಕ್ಕರು.

ಹೊಳಿಯಮ್ಮ ಅವನ ಕೈ ಹಿಡಿದದ್ದು ಕಂಪನಿಯ ಕಡೆಯ ದಿನಗಳಲ್ಲಿ. ಇಬ್ಬರೂ ಕೊಪ್ಪಳಕ್ಕೆ ಹೊಂದಿಕೊಂಡ ಭಾಗ್ಯನಗರದಲ್ಲಿ ಬಾಡಿಗೆ ಮನೆ ಹಿಡಿದರು. ಅಲ್ಲಿ ಆಕೆ ಕೂದಲು ಬಿಡಿಸುವ ಕೆಲಸ ಕಲಿತಳು. ಎಲ್ಲೆಲ್ಲಿಂದಲೋ ಚೀಲ ಚೀಲ ಬರುವ ಹೆಂಗಸರ ಕೂದಲಿನ ಸಿಕ್ಕು ಬಿಡಿಸಿ, ಉದ್ದ ನೋಡಿ ಜೋಡಿಸಿ, ಕಾರ್ಖಾನೆಗೆ ಮರಳಿ ಕೊಡುವ ಕೆಲಸ. ಮಕ್ಕಳಾಗಲಿಲ್ಲ. ಅವನು ಊರೂರು ತಿರುಗಿ ಬಂದಾಗ ಆಕೆ ಪಡಸಾಲೆಯಲ್ಲಿ ಕರಿಯ ಗುಡ್ಡೆಯೊಂದರ ಮುಂದೆ ಕೂತಿರುತ್ತಿದ್ದಳು. ಹೆಚ್ಚು ಮಾತಿನವಳಲ್ಲ. ಗಂಡನ ಹೆಸರು ಹಿಡಿದವಳಂತೂ ಅಲ್ಲವೇ ಅಲ್ಲ. ಏನು ಬೇಕಾದರೂ, ಏನು ಬೇಡವಾದರೂ ಆಕೆಯ ಬಾಯಲ್ಲಿ ಬರುತ್ತಿದ್ದದ್ದು ಒಂದೇ. 'ರೀ'.

ಆ 'ರೀ'ಗಳನ್ನು ಅವನು ಲೆಕ್ಕ ಹಾಕಿದ. ಗ್ಯಾಸ್ ಮುಗಿದಾಗಿನದು ಬೇರೆ. ಗೋಡೆಯ ಮೇಲೆ ಹಲ್ಲಿ ಕಂಡಾಗಿನದು ಬೇರೆ. ಮನೆಗೆ ಮಂದಿ ಬಂದು ಕೂತಾಗ, ಚಹಾಕ್ಕೆ ಹಾಲಿಲ್ಲವೆಂದು ತಿಳಿಸಲು ಅಡುಗೆಮನೆಯಿಂದ ಮೂಗಿನಲ್ಲೇ ಬರುವುದು ಇನ್ನೂ ಬೇರೆ. ಹೀಗೆ ಹನ್ನೆರಡಾದವು, ವೇದಿಕೆಗೆ ಒಂದು ಐಟಂ ಆಯಿತು. ಎದುರಿನ ಮನೆಯ ಮುನವ್ವರ ಮೊಬೈಲ್ ರಿಪೇರಿ ಅಂಗಡಿಯವನು. ಅವನು ಕೊಪ್ಪಳದ ಒಂದು ಕಾರ್ಯಕ್ರಮದಲ್ಲಿ ಅದನ್ನು ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಬಿಟ್ಟ. ಮೂವತ್ತು ವರ್ಷದ ಬಸ್ಸು, ಬೀಗತಿ, ಶಾನುಭೋಗ ಎಲ್ಲ ಒಂದು ಕಡೆಗಾದವು. ಗ್ಯಾನಪ್ಪ 'ಹನ್ನೆರಡು ರೀ ಗ್ಯಾನಪ್ಪ' ಆದ.

ಹೊಳಿಯಮ್ಮ ಅದನ್ನು ವೇದಿಕೆಯ ಮೇಲೆ ನೋಡಿದ್ದು ಅದೊಂದೇ ಸಲ. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಟೋದಲ್ಲಿ ಮನೆಗೆ ಬರುವಾಗ ಕೇಳಿದಳು.

"ನಾ ಹಂಗ ಕರೀತೀನೇನ್ರಿ?"

"ಮತ್ತ? ಡಿಟ್ಟೋ."

"ಅಷ್ಟ ಜೋರ?"

ಆಮೇಲೆ ಹದಿನೈದು ದಿನ ಆಕೆ 'ರೀ' ಅನ್ನಲಿಲ್ಲ. ಕರೆಯಬೇಕಾದರೆ ತಾಟಿಗೆ ಚಮಚ ಬಡಿಯುತ್ತಿದ್ದಳು. ಗ್ಯಾನಪ್ಪ ಮರುದಿನ ಆ ಚಮಚದ ಸದ್ದನ್ನೂ ಮಾಡಿ ತೋರಿಸಿದ. ಹದಿನಾರನೆಯ ದಿನ ಹಲ್ಲಿಯೊಂದು ಹಿಟ್ಟಿನ ಡಬ್ಬಿಯ ಮೇಲೆ ಬಿತ್ತು, ಆಕೆ ಮರೆತು 'ರೀ' ಎಂದು ಕೂಗಿಬಿಟ್ಟಳು. ಇಬ್ಬರೂ ನಕ್ಕರು. ಮತ್ತೆ ಎಲ್ಲ ಮೊದಲಿನಂತಾಯಿತು.

ಕಳೆದ ಆಷಾಢದ ಒಂದು ಮುಂಜಾನೆ ಗ್ಯಾನಪ್ಪ ಪಡಸಾಲೆಯಲ್ಲಿ ಕೂತು ಅದೇ ವಿಡಿಯೋ ನೋಡುತ್ತಿದ್ದ. ದಿನಾ ಚಹಾದ ಜೊತೆ ಅದನ್ನು ಹಚ್ಚಿ, ಕೆಳಗೆ ಜನ ಏನು ಬರೆದಿದ್ದಾರೆಂದು ಓದುವುದು ಅವನ ರೂಢಿ. ಹನ್ನೆರಡನೆಯ ರೀ ಬಂದು ಹೋಗಿತ್ತು. ಫೋನಿನಲ್ಲಿ ಜನ ನಗುತ್ತಿದ್ದರು. ಆ ನಗುವಿನ ನಡುವೆ ಇನ್ನೊಂದು 'ರೀ' ಕೇಳಿಸಿತು. ಎಷ್ಟು ಛಲೋ ಮಾಡೀನಿ ಎಂದುಕೊಂಡು ಗ್ಯಾನಪ್ಪ ಮುಂದಿನ ಕಾಮೆಂಟು ಓದಿದ.

ಹಾಲು ಸೀದ ವಾಸನೆ ಬಂದ ಮೇಲೆ ಎದ್ದ. ಆಕೆ ಒಲೆಯ ಕಟ್ಟೆಯ ಕೆಳಗೆ ಒಂದು ಪಕ್ಕಕ್ಕೆ ಬಿದ್ದಿದ್ದಳು. ಕೈಯಲ್ಲಿ ಇಕ್ಕಳ ಹಾಗೆಯೇ ಇತ್ತು.

ಹೃದಯ ನಿಂತಿದೆ, ಒಂದೇ ಕ್ಷಣದಲ್ಲಿ ಆಗಿದೆ, ನೀವು ಹತ್ತಿರ ಇದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಹತ್ತಿರ ಇದ್ದೆ ಎಂದು ಗ್ಯಾನಪ್ಪ ಹೇಳಲಿಲ್ಲ.

ದಿನಕರ್ಮ ಮುಗಿದು, ಬಂದವರು ಹೋದ ಮೇಲೆ, ವಿಡಿಯೋ ಹಚ್ಚಿ ಬೆರಳು ಮಡಚುತ್ತ ಎಣಿಸಿದ. ಹನ್ನೆರಡು. ಮತ್ತೆ ಹಚ್ಚಿದ. ಹನ್ನೆರಡೇ. ಆ ದಿನ ಅವನು ಕೇಳಿದ್ದು ಹದಿಮೂರು.

ಆ ಹದಿಮೂರನೆಯದು ಹೇಗಿತ್ತೆಂದು ಅವನಿಗೆ ನೆನಪಿಲ್ಲ. ಸಣ್ಣದಿತ್ತೇ, ಉದ್ದವಿತ್ತೇ, ಹೆದರಿಕೆ ಇತ್ತೇ, ಬರೀ ಇಕ್ಕಳ ಬಿಸಿಯಾಗಿದೆ ಎನ್ನುವಂತಿತ್ತೇ? ಒಮ್ಮೆ ಕಿವಿಗೆ ಬಿದ್ದ ಕೆಮ್ಮನ್ನು ನಲವತ್ತು ವರ್ಷ ಮರೆಯದವನು, ಅದೊಂದನ್ನು ಕೇಳಿಯೂ ಕೇಳಿರಲಿಲ್ಲ. ತನ್ನದೆಂದುಕೊಂಡಿದ್ದ.

ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ತಾನೇ ಕರೆದು ನೋಡಿದ. ಬಂದದ್ದೆಲ್ಲ ವೇದಿಕೆಯ ರೀ, ಕೊನೆಯ ಸಾಲಿನವರಿಗೆ ಮುಟ್ಟಬೇಕಾದ ರೀ. ಹೊಳಿಯಮ್ಮ ಎಂದೂ ಕೊನೆಯ ಸಾಲಿಗೆ ಕೇಳುವಂತೆ ಕರೆದವಳಲ್ಲ. ಹದಿಮೂರನೆಯದಿರಲಿ, ಉಳಿದ ಹನ್ನೆರಡರಲ್ಲಿಯೂ ಆಕೆಯ ಧ್ವನಿ ಸಿಗದಾಗಿತ್ತು. ನೆನೆದಾಗಲೆಲ್ಲ ಅವನದೇ ಗಂಟಲು ಅಡ್ಡ ಬರುತ್ತಿತ್ತು. ಅದಕ್ಕೇ ಆ ಐಟಂ ಬಿಟ್ಟ. ತಾನು ಸುಮ್ಮನಿದ್ದರೆ, ಕೆಸರು ತಳಕ್ಕಿಳಿದ ಮೇಲೆ ನೀರು ಕಾಣುವಂತೆ, ಎಂದಾದರೂ ಆಕೆಯದು ಕೇಳೀತು ಎಂದುಕೊಂಡ. ಅರ್ಧ ಬಿಡಿಸಿದ ಕೂದಲಿನ ಚೀಲವನ್ನು ಕಾರ್ಖಾನೆಯವರು ಬಂದು ಒಯ್ದರು. ಮನೆಯಲ್ಲಿ ಸದ್ದು ಮಾಡುವುದು ಇನ್ನೇನೂ ಉಳಿಯಲಿಲ್ಲ. ಏಳು ತಿಂಗಳಾದರೂ ಏನೂ ಕೇಳಿಸಲಿಲ್ಲ.

ಕಾಲೇಜಿನ ಗೇಟಿಗೇ ದೊಡ್ಡ ಬ್ಯಾನರು ಕಟ್ಟಿದ್ದರು. ಗ್ಯಾನಪ್ಪನ ನಗುವ ಮುಖ, ಕೆಳಗೆ 'ಹನ್ನೆರಡು ರೀ ಖ್ಯಾತಿಯ ಬಹುಮುಖ ಹಾಸ್ಯ ಕಲಾವಿದರಿಗೆ ಸುಸ್ವಾಗತ'.

"ಪ್ರಿಂಟಿಗೆ ಮೊದಲ ಹೋಗಿಬಿಟ್ಟಿತ್ರಿ," ಎಂದು ಸುಭಾಷ್ ಕೈ ಹಿಡಿದುಕೊಂಡರು. "ಒಬ್ಬರ ಬಂದ್ರಿ? ಮನಿಯವರನ್ನೂ ಕರಕೊಂಡು ಬರಬೇಕಿಲ್ಲೋ! ಅವರಿಗೂ ಒಂದ್ ಶಾಲು ಹಾಕ್ತಿದ್ವಿ. ಅಸಲಿ ಕಲಾವಿದರು ಅವರ ಅಲ್ಲೇನ್ರಿ?"

"ಮನ್ಯಾಗಿಲ್ರಿ."

"ತವರಮನಿಗೆ ಹೋಗ್ಯಾರೇನು?"

ಗ್ಯಾನಪ್ಪ ಹೂಂ ಎಂದ. ಬಿಡಿಸಿ ಹೇಳಲು ಅದು ಜಾಗವಲ್ಲ. ಹೊತ್ತೂ ಅಲ್ಲ. ಒಳಗೆ ಧ್ವನಿವರ್ಧಕದಲ್ಲಿ ಆಗಲೇ ಅವನ ಹೆಸರು ಕೂಗುತ್ತಿದ್ದರು.

ಮಧ್ಯಾಹ್ನ ಮೂರರ ಬಿಸಿಲು. ಮೈದಾನದ ಶಾಮಿಯಾನದ ಕೆಳಗೆ ಎಂಟುನೂರು ಮಂದಿ. ನಿರೂಪಣೆಗೆ ನಿಂತಿದ್ದವಳು ಬಿ.ಎ. ಕೊನೆಯ ವರ್ಷದ ರೇಣುಕಾದೇವಿ. ಮೈಕು ಕೊಡುತ್ತ ಸಣ್ಣಗೆ, "ಸರ್, ನಮ್ಮವ್ವ ನಿಮ್ಮ ವಿಡಿಯೋ ದಿನಾ ನೋಡ್ತಾಳ್ರಿ" ಎಂದಳು.

ಗ್ಯಾನಪ್ಪ ಬಸ್ಸಿನಿಂದ ಶುರು ಮಾಡಿದ. ಯಲಬುರ್ಗಾದ ಹಳೆಯ ಬಸ್ಸು ಏರಿನಲ್ಲಿ ಕೆಮ್ಮುತ್ತ ಹತ್ತಿತು, ನಿಂತಿತು, ಹಿಂದಕ್ಕೆ ಜಾರಿತು. ಒಳಗಿದ್ದ ಕೋಳಿ, ಕೂಸು, ಕಂಡಕ್ಟರ್ ಮೂವರೂ ಒಟ್ಟಿಗೇ ಒದರಿದರು. ಆಂಧ್ರದವರು ನೆಲೆಸಿದ ಶ್ರೀರಾಮನಗರದ ಭತ್ತದ ಗದ್ದೆಯ ಯಜಮಾನ ತೆಲುಗಿನಲ್ಲಿ ಬೈದ, ಬೇವೂರಿನಿಂದ ನಾಟಿಗೆ ಬಂದ ಆಳು ಕನ್ನಡದಲ್ಲಿ ತಿರುಗಿ ಬೈದ, ಇಬ್ಬರೂ ಒಬ್ಬರನ್ನೊಬ್ಬರು ಹೊಗಳುತ್ತಿದ್ದಾರೆಂದು ತಿಳಿದು ಎಲೆಅಡಿಕೆ ಹಂಚಿಕೊಂಡರು. ಹುಡುಗರು ಬೆಂಚು ಬಡಿದರು. ಪ್ರಾಂಶುಪಾಲರು ಆಗಷ್ಟೇ ಮಾಡಿದ್ದ ಸ್ವಾಗತ ಭಾಷಣವನ್ನು, ಅದರ ನಡುವಿನ ಎರಡು ಸೀನುಗಳ ಸಮೇತ, ಅವರೆದುರೇ ಒಪ್ಪಿಸಿದ. ಪ್ರಾಂಶುಪಾಲರೇ ಕಣ್ಣೊರೆಸಿಕೊಂಡು ನಕ್ಕರು.

ಮುಕ್ಕಾಲು ಗಂಟೆ ಆಯಿತು. ಕೈ ಮುಗಿದ.

"ಕಾಕಾ, ರೀ ಹಚ್ಚ್ರಿ!" ಹಿಂದಿನಿಂದ ಯಾವನೋ ಕೂಗಿದ.

"ಅದು ಹಳೇದಾತೋ ತಮ್ಮಾ."

"ಹೆಂಡ್ತಿ ಹಳೇಕಿ ಆದ್ರ ಬಿಡ್ತಾರೇನ್ರಿ ಕಾಕಾ?"

ಶಾಮಿಯಾನ ಹಾರುವಷ್ಟು ನಗು. ಆಮೇಲೆ ಚಪ್ಪಾಳೆ ತಾಳಕ್ಕೆ ಬಿತ್ತು. ರೀ, ರೀ, ರೀ. ಸುಭಾಷ್ ಮೊದಲ ಸಾಲಿನಲ್ಲಿ ಕೂತು, ನಾನೇನು ಮಾಡಲಿ ಎನ್ನುವಂತೆ ಎರಡೂ ಕೈ ಎತ್ತಿದರು.

ಗ್ಯಾನಪ್ಪ ಮೈಕು ಹಿಡಿದು ನಿಂತ. ಬಿಟ್ಟು ಇಳಿದುಬಿಡಬಹುದಿತ್ತು. ಇಳಿದರೆ ಮತ್ತೆ ಆ ಮನೆ. ಆಗ ಒಂದು ಯೋಚನೆ ಬಂತು. ಆ ದಿನ ಹದಿಮೂರನೆಯದು ಬಂದದ್ದು ಹನ್ನೆರಡರ ಬೆನ್ನಿಗೆ, ಜನರ ನಗುವಿನ ಒಳಗೆ. ಅದೇ ಹನ್ನೆರಡನ್ನು ಸಾಲಾಗಿ ಹೇಳಿ, ಅದೇ ನಗು ಎಬ್ಬಿಸಿದರೆ, ಅದರ ಹಿಂದೆ ಇದ್ದದ್ದು ತಾನಾಗಿಯೇ ನಾಲಿಗೆಗೆ ಬಂದರೂ ಬರಬಹುದು. ಪಾತ್ರದ ಮಾತು ಮರೆತಾಗ ಕಂಪನಿಯಲ್ಲಿ ಹಾಗೆಯೇ ಮಾಡುತ್ತಿದ್ದರು, ಹಿಂದಿನ ಮಾತಿನಿಂದ ಓಡಿಬಂದು ಜಿಗಿಯುತ್ತಿದ್ದರು. ಬರದಿದ್ದರೆ, ಏಳು ತಿಂಗಳು ಕಾದು ತಿಳಿಯಾದಷ್ಟು ನೀರನ್ನೂ ಕಲಕಿದಂತೆ. ಅದೂ ಗೊತ್ತಿತ್ತು.

"ಆತು," ಎಂದ. "ನೀವ ಎಣಸ್ರಿ."

ಕಾಲೇಜಿನವರು ಹೊದಿಸಿದ್ದ ಶಾಲನ್ನು ಸೆರಗಿನಂತೆ ತಲೆಯ ಮೇಲೆ ಎಳೆದುಕೊಂಡ.

"ಗಂಗಾವತಿ ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ 'ರೀ' ಅಂದ್ಲಂದ್ರ ಇಪ್ಪತ್ತು ಮಂದಿ ಗಂಡಸ್ರು ಹೊಳ್ಳಿ ನೋಡ್ತಾರ. ಹತ್ತೊಂಬತ್ತು ಮಂದಿಗೆ ಸಮಾಧಾನ, ನಮ್ಮಾಕಿ ಅಲ್ಲಪಾ ಅಂತ. ಇಪ್ಪತ್ತನೇದಾಂವ ಚೀಲ ಹೊರಾಕ ಹೊಂಡ್ತಾನ!"

"ಒಂದು!" ಎಂದು ಎಂಟುನೂರು ಮಂದಿ ಕೂಗಿದರು.

ಗ್ಯಾಸ್ ಮುಗಿಯಿತು. ಎರಡು. ಹಲ್ಲಿ ಬಿತ್ತು. ಮೂರು. ಚಹಾಕ್ಕೆ ಹಾಲಿಲ್ಲ. ಬಸ್ಸು ಬಿಟ್ಟಿತು, ಗಂಡ ಇನ್ನೂ ಚಹಾದಂಗಡಿಯಲ್ಲಿ. ತವರಿನ ಫೋನು ಬಂದಿದೆ, ಟೀವಿ ಸಣ್ಣದು ಮಾಡಬೇಕು.

"ಇನ್ನ ಅಂಗಿ ಮ್ಯಾಲೆ ಹೆಂಗಸಿನ ಕೂದಲ ಸಿಕ್ಕಾಗ ಕರಿಯೋ ರೀ. ಅದು ನಮ್ಮ ಭಾಗ್ಯನಗರದಾಗ ನಡಿಯಂಗಿಲ್ರಿ! ಅಲ್ಲಿ ಹನುಮಪ್ಪನ ಗುಡಿ ಪೂಜಾರಿ ಅಂಗಿ ಮ್ಯಾಲೂ ನಾಕ್ ಊರ ಹೆಂಗಸರ ಕೂದಲ ಇರ್ತಾವ!"

ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಏಳು. ಎಂಟು. ಪ್ರತಿಯೊಂದೂ ತನ್ನ ಜಾಗಕ್ಕೆ ಸರಿಯಾಗಿ ಬಂದು ಕೂತಿತು. ಒಂದೂ ಆಕೆಯದಾಗಿರಲಿಲ್ಲ. ಗ್ಯಾನಪ್ಪ ನಿಲ್ಲಿಸಲಿಲ್ಲ. ಹತ್ತು. ಹನ್ನೊಂದು.

ಹನ್ನೆರಡನೆಯದಕ್ಕೆ ಯಾವಾಗಲೂ ನೆಲದ ಮೇಲೆ ಕೂತುಬಿಡುತ್ತಿದ್ದ. ಈಗಲೂ ಕೂತು, ಕೂದಲು ಬಿಡಿಸುವವರ ಹಾಗೆ ಕಾಲು ಚಾಚಿ, ಕಾಣದ ಎಳೆಯೊಂದನ್ನು ಬೆರಳಲ್ಲಿ ಎಳೆಯುತ್ತ, ತಲೆ ಎತ್ತದೆ ಕರೆದ.

"ರೀ..."

ತಾನೇ ಗಂಡನ ಧ್ವನಿಯಲ್ಲಿ, "ಏನ?"

ಎಳೆ ಇನ್ನೂ ಉದ್ದ ಬಂತು. "ಏನಿಲ್ಲ ಬಿಡ್ರಿ."

"ಹನ್ನೆರಡು!"

ನಗು ಎದ್ದಿತು. ಕೊಪ್ಪಳದಲ್ಲಿ ಎದ್ದದ್ದೇ, ಫೋನಿನಲ್ಲಿ ದಿನಾ ಕೇಳುತ್ತಿದ್ದದ್ದೇ. ಗ್ಯಾನಪ್ಪ ಕೂತಲ್ಲೇ ಕಣ್ಣು ಮುಚ್ಚಿದ. ಈಗ. ಬಾಯಿ ತೆರೆದ. ನಗು ಮೇಲೇರಿತು, ಅಗಲವಾಯಿತು, ಅಲ್ಲಲ್ಲಿ ತೆಳ್ಳಗಾಗುತ್ತ ಬಂತು. ಬಾಯಿ ತೆರೆದೇ ಇತ್ತು. ಜನ ಇನ್ನೊಂದಿದೆ ಎಂದು ತಿಳಿದು ಸುಮ್ಮನಾದರು. ಶಾಮಿಯಾನದ ಹಗ್ಗ ಗಾಳಿಗೆ ಕಿರ್ ಎಂದಿತು.

"ಹದಿಮೂರು!" ಎಂದು ಹಿಂದಿನವನೇ ಕೂಗಿದ.

ಕರೆ ಬರಲಿಲ್ಲ. ಉತ್ತರ ಬಂತು.

"ಬಂದೆ," ಎಂದ ಗ್ಯಾನಪ್ಪ.

ಅವನ ಸ್ವಂತ ಧ್ವನಿ ಅದು. ಮೂವತ್ತು ವರ್ಷದಲ್ಲಿ ಯಾವ ವೇದಿಕೆಯ ಮೇಲೂ ಅದನ್ನು ಬಳಸಿರಲಿಲ್ಲ. ಮೈಕನ್ನು ನೆಲದ ಮೇಲಿಟ್ಟು ಎದ್ದ. ಶಾಲು ಜಾರಿ ಬಿತ್ತು. ಯಾರೋ ಒಳಗಿನಿಂದ ಕರೆದವರಂತೆ, ಸ್ವಲ್ಪ ಅವಸರದಿಂದ, ಪಕ್ಕದ ಪರದೆ ಸರಿಸಿ ಹೋದ.

ಆಮೇಲೆ ಆವರೆಗೆ ಯಾವ ಊರಿನಲ್ಲೂ ಬೀಳದಂಥ ಚಪ್ಪಾಳೆ ಬಿತ್ತು.

ಪರದೆಯ ಹಿಂದೆ ಕುರ್ಚಿಗಳ ಗುಡ್ಡೆ, ನೀರಿನ ಕ್ಯಾನು, ಹೂವಿನ ಬುಟ್ಟಿ. ಅಲ್ಲಿ ಯಾರೂ ಇರಲಿಲ್ಲ. ಗ್ಯಾನಪ್ಪ ಕ್ಯಾನಿನಿಂದ ಒಂದು ಲೋಟ ನೀರು ಹಿಡಿದುಕೊಂಡು ಕುಡಿಯದೆ ನಿಂತ.

ಸುಭಾಷ್ ಓಡಿ ಬಂದರು. "ಏನ್ ಹೊಸಾದು ಹಚ್ಚಿದ್ರಿ ಮಾರಾಯ್ರ! ಕಡೀಕ 'ಬಂದೆ' ಅಂತ ಹೋಗಿಬಿಟ್ರಲ್ಲ, ಪ್ರಿನ್ಸಿಪಾಲ್‌ರು ಎದ್ದ ನಿಂತು ಚಪ್ಪಾಳೆ ಹೊಡದ್ರು. ಫೋನಿನ್ಯಾಗ ಮಾಡಂಗಿಲ್ಲ ಅಂದಿದ್ರಲ್ರಿ, ನಮ್ಮನ್ನ ಭಾಳ ಆಟ ಆಡಿಸಿದ್ರಿ ನೀವು!"

"ಹೂಂನ್ರಿ," ಎಂದ ಗ್ಯಾನಪ್ಪ.

ರೇಣುಕಾದೇವಿ ಬಿದ್ದಿದ್ದ ಶಾಲು ಮಡಚಿ ತಂದಳು. ಕೊಡದೆ ಒಂದು ಗಳಿಗೆ ಹಿಡಿದುಕೊಂಡು ನಿಂತಳು.

"ಸರ್, ಆ ಹದಿಮೂರನೇದು ಯಾವುದ್ರಿ? ನೀವು ಕರೀಲಿಲ್ಲ, ಬರೀ ಬಂದೆ ಅಂದ್ರಿ."

"ನನಗೂ ಗೊತ್ತಿಲ್ಲವ್ವಾ."

ಆಕೆ ನಗಬೇಕೋ ಬೇಡವೋ ತಿಳಿಯದೆ ಅವನ ಮುಖ ನೋಡಿದಳು. ಅಷ್ಟರಲ್ಲಿ ಬಹುಮಾನ ವಿತರಣೆಗೆ ಹೊರಗಿನಿಂದ ಕರೆದರು.

ಕಾರಿನಲ್ಲಿ ಬಿಡುತ್ತೇವೆ ಎಂದು ಸುಭಾಷ್ ಎಷ್ಟು ಹೇಳಿದರೂ ಕೇಳದೆ ಗ್ಯಾನಪ್ಪ ಬಸ್ ಸ್ಟ್ಯಾಂಡಿಗೆ ನಡೆದು ಬಂದ. ಬಿಸಿಲು ಇನ್ನೂ ಇತ್ತು. ಹಾಸ್ಪಿಟಲ್ ಚೀಟಿ ಹಿಡಿದವರು, ಸಂತೆಯ ಚೀಲದವರು, ಗೊಬ್ಬರದಂಗಡಿಯಿಂದ ಬಂದವರು ಕೊಪ್ಪಳದ ಬಸ್ಸಿಗೆ ಕಾಯುತ್ತಿದ್ದರು. ಒಬ್ಬಿಬ್ಬರು ಅವನನ್ನು ಗುರುತು ಹಿಡಿದು ತಮ್ಮತಮ್ಮಲ್ಲೇ ನಕ್ಕರು. ಅವನೂ ರೂಢಿಯಂತೆ ನಕ್ಕ. ಕಂಬಕ್ಕೆ ಒರಗಿ ನಿಂತ. ತಲೆಯೊಳಗೆ ಹನ್ನೆರಡೂ ರೀಗಳು ಈಗ ಮೊದಲಿಗಿಂತ ಗಟ್ಟಿಯಾಗಿ, ಒಂದರ ಹಿಂದೊಂದು ಸುತ್ತುತ್ತಿದ್ದವು. ಎಲ್ಲವೂ ಅವನವೇ.

"ರೀ."

ಬೆನ್ನ ಹಿಂದೆ, ಹತ್ತಿರದಲ್ಲೇ. ಸಣ್ಣ ಧ್ವನಿ.

"ಏನ?" ಎಂದ ಗ್ಯಾನಪ್ಪ, ಪೂರ್ತಿ ಹೊರಳಿ, ಕೈ ಚಾಚಿ.

ಅವನ ಜೊತೆ ಇನ್ನೂ ಐದಾರು ಮಂದಿ ಗಂಡಸರು ಹೊರಳಿದ್ದರು. ಅಕ್ಕಿಯ ಚೀಲ ಕಾಲ ಬಳಿ ಇಟ್ಟುಕೊಂಡಿದ್ದ ಹೆಂಗಸು ಅವನ ಚಾಚಿದ ಕೈ ನೋಡಿ ನಾಚಿ, ಸೆರಗು ಬಾಯಿಗೆ ಒತ್ತಿಕೊಂಡಳು.

"ನಿಮಗಲ್ರಿ ಅಣ್ಣಾರ, ನಮ್ಮ ಮನಿಯವರಿಗೆ."

ಕಬ್ಬಿನ ಹಾಲಿನ ಗಾಡಿಯ ಕಡೆಯಿಂದ ಒಬ್ಬ ಗೊಣಗುತ್ತ ಬಂದು ಚೀಲ ಎತ್ತಿಕೊಂಡ. ಉಳಿದವರು ಮುಖ ತಿರುಗಿಸಿಕೊಂಡರು. ಕೊಪ್ಪಳದ ಬಸ್ಸು ಬಂತು, ಎಲ್ಲರೂ ಬಾಗಿಲಿಗೆ ನುಗ್ಗಿದರು. ಗ್ಯಾನಪ್ಪ ಚಾಚಿದ ಕೈಯನ್ನು ಕೆಳಗಿಳಿಸಿ, ಶಾಲನ್ನು ಚೀಲದಲ್ಲಿ ತುರುಕಿ, ಎಲ್ಲರೂ ಹತ್ತಿದ ಮೇಲೆ ಹತ್ತಿದ.